ಕಾಲರಿನ ಮೂಲೆ, ಬೀದಿಯ ಮೂಲೆ

ದರ್ಜಿಯ ಅಂಗಡಿಯ ಗೋಡೆಯ ಮೊಳೆಗೆ ಮಗಳ ಸೈಕಲ್ ನೇತಾಡುತ್ತಿತ್ತು. ಹೋದ ವಾರ ಅಂಗಡಿಯೆದುರಿನ ತಿರುವಿನಲ್ಲಿ ವೇಗ ತಗ್ಗಿಸದೆ ತಿರುಗಿದ ವ್ಯಾನೊಂದು ಅದರ ಹಿಂಚಕ್ರವನ್ನು ಸೊಟ್ಟ ಮಾಡಿತ್ತು. ಪುಣ್ಯಕ್ಕೆ ಮಗಳಿಗೆ ಮೊಣಕೈ ತರಚಿತಷ್ಟೆ. ದರ್ಜಿ ಚಕ್ರ ರಿಪೇರಿ ಮಾಡಿಸಿದ, ಸೈಕಲನ್ನು ಮೊಳೆಗೇರಿಸಿದ.

"ಇನ್ನು ಇದನ್ನ ಮುಟ್ಟಿದ್ರೆ ನೋಡು."

"ಮತ್ತೆ ನರ್ಸಿಂಗ್ ತರಬೇತಿಗೆ ಹೇಗೆ ಹೋಗ್ಲಪ್ಪಾ? ಬೆಳಗಿನ ಪಾಳಿಗೆ ಬಸ್ಸಿಲ್ಲ. ಹಾಜರಾತಿ ಕಮ್ಮಿಯಾದ್ರೆ ಪರೀಕ್ಷೆಗೆ ಕೂರಿಸಲ್ಲ."

"ನಾನು ಸ್ಕೂಟರಲ್ಲಿ ಬಿಡ್ತೀನಿ."

ಎರಡು ದಿನ ಬಿಟ್ಟ. ಆಮೇಲೆ ಶಾಲೆಯೊಂದರ ಸಮವಸ್ತ್ರದ ಕೆಲಸ ಮೈಮೇಲೆ ಬಿತ್ತು. ಮಗಳು ಮನೆಯಲ್ಲೇ ಉಳಿದಳು.

ದರ್ಜಿಯ ಅಕ್ಕ ನಗರಸಭೆಯಲ್ಲಿ ರಸ್ತೆ ಎಂಜಿನಿಯರು. ಮುಂದಿನ ವಾರ್ಡ್ ಸಭೆಗೆ ಬರಲಿರುವ ಯೋಜನೆಯ ಸುದ್ದಿ ಹೇಳಲು ಅವಳೇ ಅಂಗಡಿಗೆ ಬಂದಳು.

"ಈ ಮೂಲೆಯ ತಿರುವನ್ನ ಬಿಗಿ ಮಾಡ್ತೀವಿ ತಮ್ಮಾ. ಫುಟ್‌ಪಾತ್ ಮುಂದಕ್ಕೆ ಬರುತ್ತೆ, ಪಕ್ಕದಲ್ಲೇ ಸೈಕಲ್ ದಾರಿ. ಅಂಗಡಿ ಮುಂದೆ ಗಾಡಿ ನಿಲ್ಲಿಸೋ ಹಾಗಿಲ್ಲ. ಹಿಂದಿನ ಬೀದೀಲಿ ಜಾಗ ಮಾಡ್ತೀವಿ."

"ಒಡಹುಟ್ಟಿದವಳೇ ಹೊಟ್ಟೆ ಮೇಲೆ ಹೊಡೀತೀಯಾ? ಗಿರಾಕಿ ಬರೋದೇ ಗಾಡೀಲಿ! ಮಾಡೋದಾದ್ರೆ ರಸ್ತೆ ಅಗಲ ಮಾಡಿ. ಬಟ್ಟೆ ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡಲ್ವಾ?"

"ಬೆಲ್ಟ್ ಸಡಿಲಿಸಿದ್ರೆ ಹೊಟ್ಟೆ ಕರಗುತ್ತೇನೋ? ಹಿಂದೊಂದು ಸಲ ಅಗಲ ಮಾಡಿದ್ವಲ್ಲ. ಗಾಡಿ ಕಮ್ಮಿಯಾಯ್ತಾ, ಹೆಚ್ಚಾಯ್ತಾ?"

ಪಕ್ಕದ ಗಡಿಯಾರದಂಗಡಿಯವನು ಬಾಗಿಲಿಂದಲೇ ತಲೆ ತೂರಿಸಿದ. "ಅಕ್ಕಾವ್ರೇ, ಇಲ್ಲಿ ನಡೆಯೋರು ಯಾರು, ಸೈಕಲ್ ತುಳಿಯೋರು ಯಾರು? ಒಂದು ನರಪಿಳ್ಳೆ ಇಲ್ಲ."

ಅಕ್ಕ ಮೊಳೆಯತ್ತ ಬೊಟ್ಟು ಮಾಡಿದಳು. "ತುಳಿಯೋ ಸೈಕಲ್ ಗೋಡೇಲಿದೆ. ಬೀದೀಲಿ ಎಲ್ಲಿಂದ ಕಾಣುತ್ತೆ?"

ದರ್ಜಿ ಹೊಲಿಗೆಯಂತ್ರ ತುಳಿದ. ತೋಳಿನ ಕಂಕುಳ ತಿರುವಿನಲ್ಲಿ ಯಂತ್ರ ಭರ್ರನೆ ಓಡಿತು. ಕಾಲರಿನ ತುದಿಗೆ ಬಂದಾಗ ಕಾಲು ತಾನಾಗಿ ನಿಂತಿತು. ಸೂಜಿ ಬಟ್ಟೆಯಲ್ಲೇ ಇರಲು ಬಿಟ್ಟು, ಬಟ್ಟೆಯನ್ನು ತಿರುಗಿಸಿ, ಮತ್ತೆ ತುಳಿದ.

"ಅಲ್ಲಿ ಯಾಕೆ ನಿಲ್ಲಿಸಿದೆ?" ಅಕ್ಕ ಕೇಳಿದಳು.

"ಚೂಪು ಮೂಲೆ ಅಲ್ವಾ. ಓಡಿಸಿದ್ರೆ ಹೊಲಿಗೆ ದಾರಿ ತಪ್ಪುತ್ತೆ."

"ಕಂಕುಳಲ್ಲಿ?"

"ಅದು ಅಗಲವಾದ ತಿರುವು. ಓಡಿಸಬಹುದು..." ದರ್ಜಿ ಹೊರಗೆ ನೋಡಿದ. ಎದುರಿನ ತಿರುವು ಥೇಟು ಕಂಕುಳಿನಂತೆ ಅಗಲವಾಗಿ ಬಾಗಿತ್ತು. ಅಷ್ಟರಲ್ಲೇ ಒಂದು ಕಾರು ಭರ್ರೆಂದು ತಿರುಗಿ ಹೋಯಿತು.

"ಲಾರಿ, ಬೆಂಕಿ ಆರಿಸೋ ಗಾಡಿ ತಿರುಗಬೇಕಲ್ಲ?" ಎಂದ ದರ್ಜಿ. ಈಗ ದನಿಯಲ್ಲಿ ಜಗಳವಿರಲಿಲ್ಲ.

"ಅವಕ್ಕೂ ಅಳತೆ ತಗೊಂಡಿದೀವಿ. ನಿಧಾನಕ್ಕೆ ತಿರುಗ್ತವೆ. ಮೊದಲು ಮರಳುಚೀಲ ಇಟ್ಟು ನೋಡೋಣ. ಸರಿಬರದಿದ್ರೆ ತೆಗೆದ್ರಾಯ್ತು."

"ಕಚ್ಚಾ ಹೊಲಿಗೆ ಅನ್ನು."

"ಹೂಂ, ಕಚ್ಚಾ ಹೊಲಿಗೆ."

ಮರಳುಚೀಲ ಬಂದ ಮೇಲೆ ದರ್ಜಿಯ ಕಣ್ಣು ಬಟ್ಟೆಗಿಂತ ಬೀದಿಯ ಮೇಲೇ ಹೆಚ್ಚಿತ್ತು. ನುಗ್ಗುತ್ತಿದ್ದ ವ್ಯಾನುಗಳು ಮೂಲೆಯಲ್ಲಿ ಬ್ರೇಕು ಹಾಕಿದವು. ರಸ್ತೆಗಿಳಿದು ಓಡುತ್ತಿದ್ದವರು ಅಂಗಡಿಯ ಮಗ್ಗುಲಲ್ಲೇ ನಡೆದರು. ಕೆಲವರು ನಿಂತು ತೂಗುಹಾಕಿದ ಅಂಗಿಗಳನ್ನು ನೋಡಿದರು. ಒಬ್ಬ ಗಿರಾಕಿ ಹಿಂದಿನ ಬೀದಿಯಿಂದ ನಡೆದು ಬರಬೇಕಾಯಿತೆಂದು ಗೊಣಗಿದ; ಅಳತೆ ಕೊಟ್ಟೇ ಹೋದ. ಇನ್ನೊಂದು ಸಂಗತಿಯೂ ಬಯಲಾಯಿತು. ಇಷ್ಟು ದಿನ ಬೆಳಗಿನಿಂದ ಸಂಜೆವರೆಗೆ ಅಂಗಡಿಗಳ ಮುಂದೆ ಜಾಗ ಹಿಡಿದಿದ್ದದ್ದು ಗಿರಾಕಿಗಳ ಗಾಡಿಗಳಲ್ಲ, ದರ್ಜಿಯ ಸ್ಕೂಟರು ಮತ್ತು ಗಡಿಯಾರದಂಗಡಿಯವನ ಕಾರು.

"ನನ್ನ ಕಾರು ನನ್ನಂಗಡಿ ಮುಂದೆ ನಿಲ್ಲದೆ ನಿಮ್ಮಜ್ಜನ ಅಂಗಡಿ ಮುಂದೆ ನಿಲ್ಲುತ್ತಾ?" ಎಂದು ಅವನು ಸಿಡುಕಿದ.

ವಾರ್ಡ್ ಸಭೆಯಲ್ಲಿ ಗಲಾಟೆಯೋ ಗಲಾಟೆ. ದರ್ಜಿ ಎದ್ದು ನಿಂತ.

"ಅಂಗಿ ಕೂರದಿದ್ರೆ ನಾನು ಅಂಗಿ ಬಿಚ್ಚಿ ಹೊಲೀತೀನಿ, ಗಿರಾಕಿ ಕೈ ಕತ್ತರಿಸಲ್ಲ. ಆದ್ರೆ ಬೀದಿ ಸರಿಯಿಲ್ಲ ಅಂತ ಮಗಳನ್ನ ಮನೇಲಿ ಕೂರಿಸಿದೀನಿ. ಈ ಬೀದೀನ ಬಿಚ್ಚಿ ಹೊಲೀರಿ. ನನ್ನಂಗಡಿ ಮೆಟ್ಟಿಲೂ ಫುಟ್‌ಪಾತ್ ಮೇಲಿದೆ. ಮೊದಲು ಅದನ್ನೇ ಕೀಳಿ."

"ಮುಗೀತು, ಇನ್ನು ನನ್ನ ಮೆಟ್ಟಿಲಿಗೆ ಬರ್ತಾರೆ," ಎಂದು ಗಡಿಯಾರದಂಗಡಿಯವನು ಗೊಣಗಿದ. ಆದರೂ ಒಪ್ಪಿಗೆ ಕೇಳಿದಾಗ, ಎಲ್ಲರಿಗಿಂತ ಕೊನೆಗೆ, ಅವನ ಕೈಯೂ ಮೇಲೆದ್ದಿತು. ಫುಟ್‌ಪಾತಿನ ಅಂಚುಗಲ್ಲು ಕೂರಿಸುವ ತನಕ ಮರಳುಚೀಲ ಅಲ್ಲೇ ಇರಲೆಂದು ತೀರ್ಮಾನವಾಯಿತು.

ಮರುದಿನ ಬೆಳಗ್ಗೆ ದರ್ಜಿಯೇ ಸೈಕಲನ್ನು ಇಳಿಸಿ ಗಾಳಿ ತುಂಬಿದ. ಮಗಳು ಮೂಲೆ ತಲುಪಿದಾಗ ಒಂದು ವ್ಯಾನು ಬಂತು. ದರ್ಜಿ ಪಂಪು ಹಿಡಿದೇ ಒಂದು ಹೆಜ್ಜೆ ಮುಂದಿಟ್ಟ. ವ್ಯಾನು ನಿಧಾನವಾಯಿತು, ನಿಂತಿತು. ಅವಳು ತಿರುಗಿ ನೋಡದೆ ದಾಟಿಹೋದಳು.

ನಿಮ್ಮ ಮನೆಯಲ್ಲೂ ಮೊಳೆಗೇರಿದ ಸೈಕಲ್ ಇರಬಹುದು, ಬೀದಿಗೆ ಹೆದರಿ ನಡೆಯುವುದನ್ನೇ ಬಿಟ್ಟ ಅಮ್ಮನಿರಬಹುದು. ಬೀದಿ ತಾನಾಗಿ ಹುಟ್ಟಿದ್ದಲ್ಲ. ಯಾರೋ ಅಳತೆ ಹಾಕಿ ಮಾಡಿದ್ದು. ಮತ್ತೆ ಅಳತೆ ಹಾಕಲೂ ಬರುತ್ತದೆ. ನಾಳೆ ನಿಮ್ಮ ಬೀದಿಯ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ: ಗಾಡಿಗಳು ಅಲ್ಲಿ ನಿಧಾನವಾಗುತ್ತವೆಯೇ? ಇಲ್ಲವಾದರೆ ಮುಂದಿನ ವಾರ್ಡ್ ಸಭೆಗೆ ಹೋಗಿ, ಮೂಲೆ ಸರಿಮಾಡಿ ಎಂದು ಕೇಳಿ. ಹೋಗುವ ಮುನ್ನ ನಿಮ್ಮ ಮೆಟ್ಟಿಲು ಎಲ್ಲಿಯವರೆಗೆ ಬಂದಿದೆ, ನಿಮ್ಮ ಗಾಡಿ ಎಲ್ಲಿ ನಿಂತಿದೆ ಎಂದು ಒಮ್ಮೆ ನೋಡಿಕೊಳ್ಳಿ.