ತೆರೆದಿಟ್ಟ ನಲ್ಲಿ

ಗಂಡ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಹಿಂದಿನ ಸಂಜೆ ಅವರನ್ನು ಸೇರಿಸಿ, ಬದಲಿ ಬಟ್ಟೆ ಒಯ್ಯಲು ಆಕೆ ಮನೆಗೆ ಬಂದಿದ್ದಳು. ಸಂಜೆಯಿಂದಲೇ ನೀರು ನಿಂತಿತ್ತು. ಬಂದೀತೇನೋ ಎಂದು ನಲ್ಲಿ ತಿರುಗಿಸಿ ನೋಡುತ್ತಿದ್ದಾಗ ಫೋನು ಬಂತು. ಆಮೇಲಿನದು ನೆನಪಿಲ್ಲ; ಚಪ್ಪಲಿಯಿಲ್ಲದೆ ಓಡಿದ್ದಳು.

ಸಂಜೆ ಮರಳಿದಾಗ ಮೆಟ್ಟಿಲ ಮೇಲೆ ನೀರು ಇಳಿಯುತ್ತಿತ್ತು. ನಲ್ಲಿಯ ಕೆಳಗಿನ ತೊಟ್ಟಿಯಲ್ಲಿ ನೀರು ಹೋಗುವ ಕಿಂಡಿಗೆ ಒರೆಸುವ ಬಟ್ಟೆ ಅಡ್ಡ ಕೂತಿತ್ತು. ಕೆಳಮನೆಯ ದರ್ಜಿಯ ಚಾವಣಿ ಸೋರಿ, ಗಿರಾಕಿಗಳ ಕೋಟುಗಳೆಲ್ಲ ತೊಯ್ದು ತೊಪ್ಪೆಯಾಗಿದ್ದವು.

ವಿಮೆ ಇತ್ತು, ನಿಜ. ಗಡಿಯಾರ ರಿಪೇರಿ ಮಾಡುತ್ತಿದ್ದ ಗಂಡ ಅದನ್ನು ಮಾಡಿಸಿದಾಗ ಆಕೆ ನಕ್ಕಿದ್ದಳು.

"ಬಾಡಿಗೆ ಮನೆಗೂ ವಿಮೆಯಾ? ಕೂಸು ಹುಟ್ಟೋ ಮುಂಚೆ ಕುಲಾವಿ!"

"ಬೆಂಕಿ ಬಿದ್ದಾಗ ಬಾವಿ ತೋಡ್ತೀಯೇನೇ? ಮಾಲೀಕರ ವಿಮೆ ಅವರ ಗೋಡೆಗೆ. ಒಳಗಿನ ಮಂಚ, ಪೆಟ್ಟಿಗೆ ನಮ್ಮದು. ನಮ್ಮ ಕೈತಪ್ಪಿಂದ ಪಕ್ಕದವರಿಗೆ ಏನಾದ್ರೂ ಆದ್ರೆ ಅದೂ ನಮ್ಮ ತಲೆ ಮೇಲೇ."

ಆದರೆ ವಿಮೆಯ ಕಾಗದ ಇದ್ದದ್ದು ಗಂಡನ ಹೆಸರಿನಲ್ಲಿ. ಅವರ ಉಸಿರು ನಿಂತದ್ದು ಹತ್ತಕ್ಕೆ. ನೀರು ಬಂದದ್ದು ಹನ್ನೆರಡಕ್ಕೆ. ಸತ್ತವರ ಕಾಗದಕ್ಕೆ ಜೀವವಿರುತ್ತದೆಯೆ? ಇಲ್ಲವೆಂದಾದರೆ ಅಷ್ಟು ಕೋಟುಗಳ ನಷ್ಟ ತುಂಬಲು ತನ್ನಲ್ಲಿ ಏನಿದೆ? ಮಾಲೀಕರು ಹೊರಗೆ ಹಾಕಿದರೆ ಎಲ್ಲಿಗೆ ಹೋಗುವುದು? ಯಾರು ಮೆಟ್ಟಿಲು ಹತ್ತಿದರೂ ಮಾಲೀಕರೇ ಬಂದರೇನೋ ಎಂದು ಆಕೆ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು.

ವಿಮೆಯವರು ಬರುವ ದಿನ ದರ್ಜಿ ಮೊದಲೇ ಮೇಲೆ ಬಂದ.

"ಅಕ್ಕಾ, ನಲ್ಲಿ ತೆರೆದಿಟ್ಟದ್ದು ಭಾವ ಅಂತ ಹೇಳಿಬಿಡಿ. ಹಿಂದಿನ ಸಂಜೆ, ಆಸ್ಪತ್ರೆಗೆ ಹೋಗೋ ಮುಂಚೆ, ಬದುಕಿದ್ದಾಗಲೇ. ಆಗ ಕಾಗದದ ತಕರಾರೇ ಇರಲ್ಲ."

"ಅವರು ಒಂದು ತಿರುಪನ್ನೂ ಸಡಿಲ ಬಿಟ್ಟವರಲ್ಲಪ್ಪಾ."

"ಗೊತ್ತು. ನನ್ನ ಗಡಿಯಾರ ಕೊಡೋಕೆ ಮೂರು ತಿಂಗಳು ಸತಾಯಿಸಿದ್ರು, ಪುಣ್ಯಾತ್ಮ! ಆದ್ರೆ ಸತ್ತವರು ಬಂದು ಸಾಕ್ಷಿ ಹೇಳ್ತಾರಾ? ನನ್ನ ಹೊಟ್ಟೆ ಮೇಲೂ ಸ್ವಲ್ಪ ಕರುಣೆ ಇಡಿ."

ವಿಮೆ ಕಚೇರಿಯ ಹೆಂಗಸು ಬಂದಳು. ನೆನೆದ ಗೋಡೆಯನ್ನು ಮುಟ್ಟಿ ನೋಡಿದಳು, ಕಾಗದ ತೆರೆದಳು.

"ಅಮ್ಮಾ, ನಲ್ಲಿ ಯಾರು ತೆರೆದಿಟ್ಟಿದ್ದು?"

'ಅವರು' ಎಂಬ ಮಾತು ತುಟಿಯವರೆಗೆ ಬಂತು. ಕಪಾಟಿನ ಮೇಲೆ ಅವರ ಸಣ್ಣ ತಿರುಪುಳಿಗಳು ಅಳತೆಯ ಪ್ರಕಾರ ಸಾಲಾಗಿ ಮಲಗಿದ್ದವು. ಅವರ ಹೆಸರಿಗೆ ಈ ಅಜಾಗರೂಕತೆಯನ್ನು ಅಂಟಿಸಿ ಆಮೇಲೆ ದೇವರ ಮುಂದೆ ಹೇಗೆ ಕೈಮುಗಿಯುವುದು?

"ನಾನು," ಎಂದಳು. "ಅವರು ಹೋದ ಸುದ್ದಿ ಬಂತು, ನಿಲ್ಲಿಸೋದು ಮರೆತೆ. ನೀರು ಬಂದಾಗ ಅವರು ಇರಲಿಲ್ಲ."

ದರ್ಜಿ ಹಣೆ ಚಚ್ಚಿಕೊಂಡ.

ಹೆಂಗಸು ಹಾಳೆ ತಿರುವಿದಳು. "ಬೇಕಂತಲೇ ಮಾಡಿದ್ರೆ ಕೊಡಲ್ಲ ಅಮ್ಮಾ. ಮರೆವಿಗೇ ಇರೋದು ಇದು. ಇಲ್ಲಿ ನೋಡಿ, ಮನೆಯಲ್ಲಿರೋರು ಅನ್ನೋ ಕಡೆ ನಿಮ್ಮ ಹೆಸರನ್ನೂ ಬರೆಸಿದ್ದಾರೆ. ವರ್ಷ ಮುಗಿಯೋವರೆಗೂ ನಿಮಗೆ ಇದು ನಡೆಯುತ್ತೆ. ಎಷ್ಟು ಅಂತ ಕಚೇರಿಯಲ್ಲಿ ನೋಡಬೇಕು. ಪೂರ್ತಿ ಸಿಗುತ್ತೆ ಅಂತ ಮಾತ್ರ ಹೇಳಲಾರೆ."

ಅವರಿಬ್ಬರೂ ಇಳಿದುಹೋದ ಮೇಲೆ ಆಕೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಅಡುಗೆಮನೆಯ ಬಾಗಿಲವರೆಗೆ ಹೋಗಿ, ನಂಬಿಕೆ ಬಾರದೆ ಮರಳಿ ಬಂದು ಮತ್ತೆ ತಿರುಗಿಸಿದಳು. ಆ ಕೈಗಳನ್ನೇ ಜೋಡಿಸಿದಳು.

"ದೇವರೇ, ನನ್ನ ಮರೆವಿಗೂ ಮುಂಚೆಯೇ ಆಸರೆ ಇಟ್ಟುಹೋದ ಜೀವ ಅದು. ಇನ್ನು ಅದಕ್ಕೆ ನನ್ನ ಚಿಂತೆ ಬೇಡ. ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಿಸಿಕೊ."