ನಗಾರಿ ಬಾಯಿ ಮುಚ್ಚಿದ ಭಾನುವಾರ

ನಮ್ಮ ಸೋಫಾ ಕಾರ್ಖಾನೆಯಲ್ಲಿ ನಗಾರಿ ಎಂದೇ ಹೆಸರಾದವನು ಸುಮ್ಮನಿರುತ್ತಿದ್ದುದು ಬಾಯಲ್ಲಿ ಮೊಳೆ ಇದ್ದಾಗ ಮಾತ್ರ. ರೆಕ್ಸಿನ್ ಹೊದಿಕೆಯನ್ನು ಮರದ ಚೌಕಟ್ಟಿಗೆ ಎಳೆದು ಬಿಗಿಯುವಾಗ ಒಂದಿಷ್ಟು ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ಒಂದೊಂದನ್ನೇ ತುಟಿಯ ತುದಿಗೆ ತಂದು, ಸುತ್ತಿಗೆಯಿಂದ ಟಕ್ಕೆಂದು ಹೊಡೆಯುತ್ತಿದ್ದ. ಮೊಳೆ ಮುಗಿಯಿತೋ, ಮಾತು ಶುರು. ಉಳಿದವರಿಗೆಲ್ಲ ಸ್ಟೇಪಲ್ ಗನ್ನು ಬಂದು ಎಷ್ಟೋ ವರ್ಷವಾದರೂ ಮಾಲೀಕರು ಅವನಿಗೆ ಮೊಳೆಯನ್ನೇ ಕೊಡುತ್ತಿದ್ದುದು ಈ ಕಾರಣಕ್ಕೇ ಎಂದು ಹೊಲಿಗೆ ಅಕ್ಕ ಹೇಳುತ್ತಿದ್ದಳು.

ಆ ವಾರ ಮಾತ್ರ ಮೊಳೆ ಇದ್ದಾಗಲೂ ಅವನು ಸುಮ್ಮನಿರಲಿಲ್ಲ. "ಹ್ಞಂ", "ಊಹ್ಞೂಂ" ಎಂದು ತನ್ನಷ್ಟಕ್ಕೇ ತಲೆ ಕೊಡವುತ್ತಿದ್ದ. ಎರಡು ಸಲ ಹೆಬ್ಬೆರಳ ಮೇಲೇ ಸುತ್ತಿಗೆ ಬಿತ್ತು. ಒಂದು ಸೀಟಿಗೆ ರೆಕ್ಸಿನ್ ತಿರುಗುಮುರುಗಾಗಿ ಬಿಗಿದು, ಮತ್ತೆ ಬಿಚ್ಚಿ, ಮತ್ತೆ ಹಾಗೆಯೇ ಬಿಗಿದ.

ಕಾರಣ ನಮಗೆಲ್ಲ ಗೊತ್ತಿತ್ತು. ಊರಿನ ಫುಟ್‌ಬಾಲ್ ತಂಡದಲ್ಲಿ ಬಲಗಡೆಯ ಅಂಚಿನಲ್ಲಿ ಓಡುವ ವಿಂಗರ್ ಅವನ ತಂಗಿಯ ಮಗ. ಅಪ್ಪ ಇಲ್ಲದ ಹುಡುಗ, ನಗಾರಿಯ ಮನೆಯಲ್ಲೇ ಬೆಳೆದವನು, ಚೆಂಡು ಒದೆಯುವುದನ್ನು ಮಾವನಿಂದಲೇ ಕಲಿತವನು. ಜನ ಅವನನ್ನು ಮಿಂಚು ಎಂದು ಕರೆಯುತ್ತಿದ್ದರು. ಮೊದಮೊದಲು ಪ್ರೀತಿಯಿಂದ, ಈಗೀಗ ಕುಹಕದಿಂದ. ಕೋಚ್ ಕರೆದು ಹೇಳಿಬಿಟ್ಟಿದ್ದರು: ಈ ಭಾನುವಾರ ಒಂದು ನೋಡುತ್ತೇನೆ, ಸರಿಹೋಗದಿದ್ದರೆ ಬೆಂಚಿನ ಮೇಲೆ ಕೂತುಕೊ, ಆ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ.

"ತೆಗೀಲಿ ಬಿಡೋ," ಎಂದ ಕಟಿಂಗ್ ಮಾಸ್ಟರ್, ರೆಕ್ಸಿನ್ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತ. "ಮಿಂಚು ಅಂತ ಹೆಸರಿಟ್ಟವರು ನಾವೇ. ಮಿಂಚು ಯಾವತ್ತಾದ್ರೂ ತೊಂಬತ್ತು ನಿಮಿಷ ಇರುತ್ತಾ?"

ನಗಾರಿ ಮೊಳೆಗಳನ್ನು ಅಂಗೈಗೆ ಉಗಿದ. "ಮಾಸ್ಟ್ರೇ, ನಿಮ್ಮ ಕತ್ತರಿ ದಿನಾ ನೇರ ಹೋಗುತ್ತಾ? ಮೊನ್ನೆ ಮೂರು ಸೀಟಿನ ಸೋಫಾಗೆ ಎರಡೂವರೆ ಸೀಟಿಗಾಗೋಷ್ಟು ಕತ್ತರಿಸಿದ್ರಲ್ಲ, ಆಗ ನಿಮ್ಮನ್ನ ಯಾರಾದ್ರೂ ಬೆಂಚಿಗೆ ಹಾಕಿದ್ರಾ?"

"ಹಾಕ್ಬೇಕಿತ್ತು. ಬೆಂಚಿಗಾದ್ರೂ ಆ ರೆಕ್ಸಿನ್ ಸಾಲ್ತಿತ್ತು," ಎಂದಳು ಹೊಲಿಗೆ ಅಕ್ಕ, ಮಿಷನ್ ನಿಲ್ಲಿಸದೆ.

"ನಗಬೇಡ್ರಮ್ಮ," ಎಂದ ಮಾಸ್ಟರ್. "ನಾನು ಹೇಳೋದು ಕೇಳಿ. ಅವನು ಮೊದಲರ್ಧಕ್ಕೆ ಸರಿ. ವಿರಾಮ ಆದ್ಮೇಲೆ ಕಾಲು ಸತ್ತುಹೋಗುತ್ತೆ."

"ಹೋದ ಪಂದ್ಯದಲ್ಲಿ ಉಲ್ಟಾ ಆಯ್ತಲ್ಲ ಮಾಸ್ಟ್ರೇ," ಎಂದೆ ನಾನು. ನನ್ನದು ಫೋಮ್ ಕೊಯ್ಯುವ ಕೆಲಸ, ನಗಾರಿಯ ಪಕ್ಕದ ಮೇಜು. "ಮೊದಲರ್ಧ ನಿದ್ದೆ ಹೊಡೆದ, ಆಮೇಲೆ ಹುಲಿ ಥರ ಆಡಿದ."

"ಅದನ್ನೇ ಕಣಯ್ಯಾ ನಾನೂ ಹೇಳ್ತಿರೋದು! ಒಂದ್ಸಲ ಹಿಂಗೆ, ಒಂದ್ಸಲ ಹಂಗೆ. ಇವನನ್ನ ನೆಚ್ಚಿಕೊಂಡು ಕೋಚ್ ಏನು ಮಾಡ್ಬೇಕು?"

"ಬೇರೆ ಊರಲ್ಲಿ ಆಡಿದಾಗ ಎರಡೂ ಅರ್ಧ ಚೆನ್ನಾಗೇ ಆಡ್ತಾನೆ. ಪೇಪರಲ್ಲೇ ಬಂದಿತ್ತು," ಎಂದ ನಗಾರಿ. ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆಂದು ಅವನು ಬೇರೆ ಊರಿನ ಪಂದ್ಯಗಳಿಗೆ ಹೋಗುತ್ತಿರಲಿಲ್ಲ.

ಆಗ ಹೊಲಿಗೆ ಅಕ್ಕ ಮಿಷನ್ ನಿಲ್ಲಿಸಿದಳು. ಅವಳೂ ಗಂಡನ ಜೊತೆ ಊರಿನ ಮೈದಾನದ ಪ್ರತಿ ಪಂದ್ಯಕ್ಕೆ ಬಂದು ನಮ್ಮ ಹಿಂದಿನ ಸಾಲಿನಲ್ಲೇ ಕೂರುವವಳು.

"ಅಲ್ಲಾ, ನೀವೆಲ್ಲ ಅವನು ಚೆನ್ನಾಗಿ ಆಡ್ದ ಚೆನ್ನಾಗಿ ಆಡ್ದ ಅಂತೀರಿ. ನಾನಂತೂ ಒಂದು ಸಲಾನೂ ನೋಡಿಲ್ಲಪ್ಪ. ನನಗೆ ದೂರದ್ದು ಸರಿಯಾಗಿ ಕಾಣಲ್ಲ. ನಮ್ಮೆದುರಿಗೆ ಬಂದಾಗ ಮಾತ್ರ ಕಾಣೋದು. ಆಗೆಲ್ಲ ಎಡವ್ತಾನೇ ಇರ್ತಾನೆ."

ಮಾಸ್ಟರ್‌ನ ಸೀಮೆಸುಣ್ಣ ಅಲ್ಲೇ ನಿಂತಿತು. ತಂಡಗಳು ವಿರಾಮದಲ್ಲಿ ದಿಕ್ಕು ಬದಲಿಸುವುದರಿಂದ ಬಲಗಡೆ ಓಡುವವನು ಅರ್ಧ ಆಟ ನಮ್ಮ ಸ್ಟ್ಯಾಂಡಿನ ಮುಂದೆ, ಇನ್ನರ್ಧ ಮೈದಾನದ ಆಚೆ ಬದಿಯಲ್ಲಿ ಇರುತ್ತಾನೆ. ಮೊದಲು ಯಾವ ಕಡೆ ಎಂಬುದು ಟಾಸಿಗೆ ಬಿಟ್ಟದ್ದು. ಮೊದಲರ್ಧ, ಎರಡನೇ ಅರ್ಧ ಎಂದು ತಿಂಗಳುಗಟ್ಟಲೆ ಕಿತ್ತಾಡಿದ ನಮಗೆ, ಅವನು ಎಡವುವುದು ನಮ್ಮ ಮುಂದಿದ್ದಾಗ ಮಾತ್ರ ಎಂಬುದು ಹೊಳೆದೇ ಇರಲಿಲ್ಲ.

"ನೆಲ!" ಎಂದು ನಗಾರಿ ಎದ್ದುನಿಂತ. "ನಮ್ಮ ಕಡೆ ನೆಲ ಸರಿ ಇಲ್ಲ! ಹುಡುಗನ ತಪ್ಪೇನಿದೆ ಅದರಲ್ಲಿ?"

ಮಧ್ಯಾಹ್ನದ ಊಟದ ಡಬ್ಬಿಯನ್ನೂ ತೆರೆಯದೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮೈದಾನಕ್ಕೆ ತುಳಿದ. ಹುಲ್ಲಿಗೆ ನೀರು ಬಿಡುತ್ತಿದ್ದ ಮಾಲಿ ಬೇಡವೆನ್ನುವ ಮೊದಲೇ ಚಪ್ಪಲಿ ಬಿಟ್ಟು ಒಳಗಿಳಿದ. ಹೊಸ ಫೋಮನ್ನು ಅಂಗೈಯಿಂದ ಒತ್ತಿ ನೋಡುವಂತೆ ಗೆರೆಯುದ್ದಕ್ಕೂ ನೆಲವನ್ನು ಒತ್ತಿ ಒತ್ತಿ ನೋಡಿದ. ಆಮೇಲೆ ಆಚೆ ಬದಿಗೆ ಹೋಗಿ ಅಲ್ಲೂ ಒತ್ತಿದ. ತಿರುಗಿ ಬರುವಾಗ ಅವನ ಮುಖ ಇಳಿದಿತ್ತು.

"ಏನ್ ಹುಡುಕ್ತಾ ಇದ್ದೀಯಪ್ಪಾ?" ಎಂದ ಮಾಲಿ.

"ಎರಡು ಕಡೆಗೂ ಏನು ವ್ಯತ್ಯಾಸ ಅಂತ."

"ಹುಲ್ಲೂ ಅದೇ, ಮಣ್ಣೂ ಅದೇ. ಆಚೆ ಕಡೆ ಇಲ್ಲದೆ ಈ ಕಡೆ ಇರೋದು ಅಂದ್ರೆ ನೀನೊಬ್ನೇ."

ಮಾಲಿ ತಮಾಷೆಗೆಂದೇ ಹೇಳಿದ್ದು. ನಗಾರಿ ನಗಲಿಲ್ಲ. ಪಂದ್ಯದ ಹೊತ್ತಿನಲ್ಲಿ ಅವನು ಕೂಗಿದರೆ ಇಡೀ ಸ್ಟ್ಯಾಂಡು ಕೂಗುತ್ತಿತ್ತು. "ಒಳಗೆ ತಿರುಗೋ! ಬಿಡೋ ಬಾಲು! ಈಗಲ್ವೋ! ಹೋಗೋ ಹೋಗೋ!" ಎಂಬ ಅವನ ಗಂಟಲು ಎಲ್ಲ ಗದ್ದಲವನ್ನೂ ಸೀಳಿಕೊಂಡು ಹೋಗುತ್ತಿತ್ತು. ವಾಪಸಾಗುವ ದಾರಿಯಲ್ಲಿ ಸೈಕಲ್ಲು ಅತ್ತ ಇತ್ತ ಓಲಾಡುತ್ತಿತ್ತು, ನಾನು ಸೀಟಿನ ಕಂಬಿ ಹಿಡಿದು ಕೂತಿದ್ದೆ.

ಮರುದಿನ ಬೆಳಿಗ್ಗೆ ಮೊಳೆಯ ಡಬ್ಬಿ ಮುಚ್ಚಳ ತೆಗೆಯುತ್ತ, ಹಾಕುತ್ತ, ಮತ್ತೆ ತೆಗೆಯುತ್ತ ಹೇಳಿದ:

"ರಾತ್ರಿ ಊಟಕ್ಕೆ ಕೂತಾಗ ಕೇಳೇಬಿಟ್ಟೆ ಕಣೋ. ನಾನು ಕೂಗೋದು ನಿಂಗೆ ಕೇಳ್ಸುತ್ತೇನೋ ಅಂತ. ಬಸ್ ಸ್ಟ್ಯಾಂಡಿಗೂ ಕೇಳ್ಸುತ್ತೆ ಮಾವ, ಆದ್ರೆ ಮಾತು ಬಿಡಿಸಿ ತಿಳಿಯೋದು ನಿನ್ನೆದುರಿಗೆ ಬಂದಾಗ್ಲೇ ಅಂದ. ಅದರಿಂದ ತೊಂದ್ರೆ ಆಗುತ್ತಾ ಅಂದೆ. ತಟ್ಟೇಲಿ ಅನ್ನ ಕಲೆಸ್ತಾ ಕೂತ. ಆಮೇಲೆ ಏನಂದ ಗೊತ್ತಾ? ನೀನು ಹೇಳೋದು ಸರಿಯಾಗೇ ಇರುತ್ತೆ ಮಾವ, ಆದ್ರೆ ನೀನು ಹೇಳಿ ಮುಗಿಸೋಷ್ಟರಲ್ಲಿ ಬಾಲು ಹೋಗಿರುತ್ತೆ ಅಂದ."

"ಅಂದ್ರೆ?"

"ಅಂದ್ರೆ ಕಾಯ್ತಾನೆ ಕಣೋ! ನಾನೇನು ಹೇಳ್ತೀನೋ ಅಂತ ನಿಂತು ಕಾಯ್ತಾನೆ, ದಡ್ಡ!" ಒಂದಷ್ಟು ಮೊಳೆಗಳನ್ನು ಬಾಯಿಗೆ ಹಾಕಿಕೊಂಡು ನಮಗೆ ಬೆನ್ನು ತಿರುಗಿಸಿದ.

ಭಾನುವಾರ ಮನೆಯಲ್ಲೇ ಇರುತ್ತೇನೆಂದು ಅವನು ಹೇಳಿದ್ದ. ಪಂದ್ಯಕ್ಕೆ ಇನ್ನೂ ಹೊತ್ತಿರುವಾಗಲೇ ನನ್ನ ಮನೆಯ ಬಾಗಿಲು ಬಡಿದ. ತಲೆಗೆ ಹಣೆ ಮುಚ್ಚುವಂಥ ಟೋಪಿ.

"ತಂಗಿ ಓಡಿಸಿಬಿಟ್ಲು. ಓಡಾಡಿ ಓಡಾಡಿ ನೆಲ ಸವೆಸ್ಬೇಡ, ಎಲ್ಲಾದ್ರೂ ಹೊರಟುಹೋಗು ಅಂದ್ಲು. ಆಚೆ ಸ್ಟ್ಯಾಂಡಿನಲ್ಲಿ ಕೂರೋಣ ನಡಿ. ನಾನು ಬಾಯಿ ಬಿಟ್ರೆ ನೀನು ಕೈ ಅಡ್ಡ ಹಿಡಿ."

"ನನ್ನ ಕೈ ಸಾಲಲ್ಲ ಮಾರಾಯ."

ಅದಕ್ಕೂ ಅವನು ಸಿದ್ಧತೆ ಮಾಡಿಕೊಂಡಿದ್ದ. ಜೇಬಿನಿಂದ ಸೋಫಾ ಬೆನ್ನಿಗೆ ಹಾಕುವ ಬಟ್ಟೆ ಸುತ್ತಿದ ದಪ್ಪ ಗುಂಡಿಯೊಂದನ್ನು ತೆಗೆದು ತೋರಿಸಿ, ಬಾಯಿಗೆ ಹಾಕಿಕೊಂಡ.

ಟಾಸಿನ ಪ್ರಕಾರ ಮೊದಲರ್ಧದಲ್ಲಿ ಮಿಂಚು ನಮ್ಮ ಹಳೆಯ ಸ್ಟ್ಯಾಂಡಿನ ಮುಂದೆ ಓಡುವುದಾಯಿತು. ನಾವಿದ್ದುದು ಎದುರು ಬದಿಯಲ್ಲಿ. ನಗಾರಿಯಿಲ್ಲದ ಆ ಸ್ಟ್ಯಾಂಡು ಯಾವಾಗ ಕೂಗಬೇಕೆಂದು ತಿಳಿಯದೆ ಸುಮ್ಮನೆ ಕೂತಿತ್ತು. ಮಿಂಚುವಿಗೆ ಚೆಂಡು ಸಿಕ್ಕಿತು. ನಿಂತ. ತಲೆಯೆತ್ತಿ ಮಾವ ಕೂರುವ ಮಾಮೂಲಿ ಜಾಗದತ್ತ ನೋಡಿದ. ಅಷ್ಟರಲ್ಲಿ ಚೆಂಡು ಹೋಯಿತು. ಇನ್ನೊಮ್ಮೆಯೂ ಹಾಗೆಯೇ.

"ಹುಹುಕ್ತಿಹಾನೆ," ಎಂದ ನಗಾರಿ ಗುಂಡಿಯ ಸಂದಿಯಿಂದ. ಹುಡುಕುತ್ತಿದ್ದಾನೆ ಎಂದರ್ಥ. ಅವನ ಎರಡೂ ಕಾಲು ಒಂದೇ ಸಮನೆ ನಡುಗಿ ಬೆಂಚು ಅಲ್ಲಾಡುತ್ತಿತ್ತು. ವಿರಾಮದ ಹೊತ್ತಿಗೆ ಮಿಂಚು ಮೇಲೆ ನೋಡುವುದನ್ನು ಬಿಟ್ಟಿದ್ದನೇನೋ ನಿಜ, ಆದರೆ ಆಡಿದ್ದೂ ಏನಿರಲಿಲ್ಲ. ಗೋಲಿನ ಹಿಂದೆ ಹೊಸ ಹುಡುಗ ಮೈ ಬಿಸಿ ಮಾಡಿಕೊಳ್ಳಲು ಶುರು ಮಾಡಿದ.

ಎರಡನೇ ಅರ್ಧದಲ್ಲಿ ಮಿಂಚು ನಮ್ಮ ಮುಂದೆಯೇ ಬಂದ. ನಾವು ಮೊದಲ ಸಾಲು, ಕೈಚಾಚಿದರೆ ಗೆರೆ. ಪಕ್ಕದಲ್ಲಿ ತಲೆಗೆ ಕರ್ಚೀಫು ಕಟ್ಟಿಕೊಂಡವನೊಬ್ಬ ಎದ್ದುನಿಂತು ಕಿರುಚಿದ: "ಮಿಂಚಂತೆ ಮಿಂಚು! ಮನೆಗೆ ಹೋಗಿ ದೀಪ ಹಚ್ಚೋ, ಹೋಗು!"

ನಗಾರಿ ಗುಂಡಿಯನ್ನು ಕೆನ್ನೆಗೆ ಸರಿಸಿ ನನ್ನ ಕಿವಿಗೆ ಬಗ್ಗಿದ. "ಅದು ನನ್ನ ಮಾತು ಕಣೋ. ಹೋದ ತಿಂಗಳು ನಾನೇ ಕೂಗಿದ್ದು. ಇಲ್ಲಿಗೂ ಬಂದುಬಿಟ್ಟಿದೆ ನೋಡು." ಅವನ ಕಣ್ಣು ಕೆಂಪಾಗಿತ್ತು.

ಅಷ್ಟರಲ್ಲಿ ಯಾರದೋ ಕಾಲಿನಿಂದ ತಪ್ಪಿಸಿಕೊಂಡ ಚೆಂಡು ಗೆರೆ ದಾಟಿ, ಒಮ್ಮೆ ಪುಟಿದು, ನೇರ ನಗಾರಿಯ ತೊಡೆಯ ಮೇಲೆ ಬಂದು ಕೂತಿತು. ಮಿಂಚು ಅದನ್ನು ತೆಗೆದುಕೊಳ್ಳಲು ಓಡಿ ಬಂದ. ಟೋಪಿಯ ಕೆಳಗಿನ ಮುಖ ನೋಡಿ ಗಕ್ಕನೆ ನಿಂತ.

"ಮಾವ?"

ನಗಾರಿ ಗುಂಡಿಯನ್ನು ಅಂಗೈಗೆ ಉಗಿದ. ನಾನು ಕೈ ಅಡ್ಡ ಹಿಡಿಯಲು ಎತ್ತಿದೆ. ಇಡೀ ವಾರ ಹೊಟ್ಟೆಯಲ್ಲಿಟ್ಟುಕೊಂಡ ಒಳಗೆ, ಹೊರಗೆ, ನಿಲ್ಲು, ಓಡು ಎಲ್ಲವೂ ಅವನ ಗಂಟಲಿಗೆ ಬಂದು ನಿಂತದ್ದು ಕಾಣುತ್ತಿತ್ತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಊಟ ಆಯ್ತಾ?" ಎಂದ.

ಮಿಂಚು ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಹೊಟ್ಟೆ ಹಿಡಿದು ನಕ್ಕುಬಿಟ್ಟ. "ನಿನ್ ಪಕ್ಕದಲ್ಲೇ ಕೂತು ಉಂಡ್ನಲ್ಲ ಮಾವ! ಕೊಡು, ರೆಫರಿ ನೋಡ್ತಿದಾನೆ."

ಇನ್ನೂ ನಗುತ್ತಲೇ ಚೆಂಡನ್ನು ಒಳಗೆ ಎಸೆದ. ಅದು ತಿರುಗಿ ಅವನ ಕಾಲಿಗೇ ಬಂತು. ಎದುರಿಗೆ ಗೋಡೆಯಂಥ ಡಿಫೆಂಡರ್. ಮಿಂಚು ಯಾವಾಗಲೂ ನಿಂತು ಕಾಯುತ್ತಿದ್ದುದು ಇಂಥ ಹೊತ್ತಿನಲ್ಲೇ. ನಗಾರಿ ನನ್ನ ಮೊಣಕಾಲನ್ನು ಇಕ್ಕಳದ ಹಾಗೆ ಹಿಡಿದ. ಮಿಂಚು ನಿಲ್ಲಲಿಲ್ಲ. ಒಂದು ಸಲ ಒಳಗೆ ವಾಲಿ, ಗೆರೆಗೆ ಅಂಟಿಕೊಂಡೇ ಹೊರಗಿನಿಂದ ದಾಟಿಹೋದ. ಅವನು ಗೋಲಿನ ಮುಂದಕ್ಕೆ ಒದ್ದ ಕ್ರಾಸಿಗೆ ತಲೆ ಕೊಟ್ಟವನು ಚೆಂಡನ್ನು ಗೋಲಿನ ಕಂಬಿಯ ಮೇಲಿಂದ ಹಾರಿಸಿದ.

"ಒಳಗೆ ಹೋಗ್ಬೇಕಿತ್ತು," ಎಂದು ನಗಾರಿ ಪಿಸುಗುಟ್ಟಿ, ಮರುಕ್ಷಣವೇ, "ಇಲ್ಲ, ಇಲ್ಲ, ಅವನೇ ಸರಿ," ಎಂದು ಗುಂಡಿಯನ್ನು ಬಾಯಿಗೆ ತುರುಕಿಕೊಂಡ.

ಮಿಂಚು ಮತ್ತೆ ಹೋದ. ಒಂದು ಸಲ ಬಿದ್ದ, ಒಂದು ಸಲ ಚೆಂಡು ಕಳೆದುಕೊಂಡ, ಮೂರನೆಯ ಸಲ ಡಿಫೆಂಡರ್ ಅಂಗಿ ಹಿಡಿದು ಎಳೆಯಬೇಕಾಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಆಗ ಬದಲಾವಣೆಯ ಬೋರ್ಡು ಮೇಲೆದ್ದಿತು. ಹೊಸ ಹುಡುಗ ಗೆರೆಯ ಪಕ್ಕ ಬಂದು ನಿಂತಿದ್ದ. ನಗಾರಿ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ. "ನೀನೇ ನೋಡು. ಯಾವ ನಂಬರು?"

"ನಮ್ಮವನದ್ದಲ್ಲ. ಎಡಗಡೆಯವನ್ನ ತೆಗೆದ್ರು."

"ಸರಿಯಾಗಿ ನೋಡೋ!"

"ನೋಡ್ದೆ ಮಾರಾಯ. ಹೊಸಬ ಎಡಗಡೆಗೆ ಹೋದ. ನಮ್ಮವನು ಇಲ್ಲೇ ಇದ್ದಾನೆ."

ಅವನು ಟೋಪಿ ಮೇಲೆತ್ತಿ ನೋಡಿದ. ಮಿಂಚು ಎದುರಿಗೇ, ಸೊಂಟದ ಮೇಲೆ ಕೈಯಿಟ್ಟು, ಚೆಂಡು ಬರಲೆಂದು ನಿಂತಿದ್ದ. ನಗಾರಿಯ ಕಾಲು ಮಾತ್ರ ನಡುಗುವುದನ್ನು ಬಿಟ್ಟಿರಲಿಲ್ಲ.

"ಏನ್ರೀ ಅದು, ಬೆಂಚು ಈ ಪಾಟಿ ಅಲ್ಲಾಡಿಸ್ತಿದ್ದೀರಿ?" ಎಂದು ಕರ್ಚೀಫಿನವನು ರೇಗಿದ. "ಅಷ್ಟು ಸಂಕಟ ಆದ್ರೆ ಬಾಯಿ ಬಿಟ್ಟು ಕೂಗ್ರೀ!"

ನಗಾರಿ ಅವನ ಕಡೆ ತಿರುಗಿ, ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, "ಊಹ್ಞೂಂ," ಎಂದ.