ಬೂತಾಯಿ ಎಣ್ಣೆಯ ಕಾರು

ಕೂಳೂರು ಹೊಳೆಯ ದೋಣಿಗಳ ಹೊಟ್ಟೆಗೆ ಎಣ್ಣೆ ಬಳಿದು ಬೇಸತ್ತಿದ್ದ ದುಗ್ಗಪ್ಪನಿಗೆ ಒಂದೇ ಆಸೆ: ಮಂಗಳೂರಿನಲ್ಲಿ ಕಾರಿನ ಕೆಲಸದವನೆಂದು ಹೆಸರಾಗಬೇಕು. ಕೊಟ್ಟಾರದ ಆಂಬ್ರೋಸ್ ಪೊರ್ಬುಗಳು ಮಗಳು ಒಲಿಂಡಾಳ ಮದುವೆಗೆಂದು ಹಳೆಯ ಕಾರೊಂದನ್ನು ಕೊಂಡು ಅವನನ್ನು ಕರೆಸಿದಾಗ ಸ್ವರ್ಗವೇ ಕೈಗೆ ಸಿಕ್ಕಂತಾಯಿತು. ಸ್ವರ್ಗಕ್ಕೆ ತುಕ್ಕು ಹಿಡಿದಿತ್ತು, ಅದು ಬೇರೆ ಮಾತು. ಮಡ್‌ಗಾರ್ಡಿಗೆ ಬೆರಳು ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು.

ದುಗ್ಗಪ್ಪ ತುಕ್ಕು ಉಜ್ಜಿ ತೆಗೆದ, ತಗಡು ಕತ್ತರಿಸಿ ತೇಪೆ ಹಾಕಿದ, ಮೇಲೆ ಮುಖ ಕಾಣುವಷ್ಟು ಹೊಳೆಯುವ ಕಪ್ಪು ಬಣ್ಣ ಹೊಡೆದ. ಕಾರಿನ ಅಡಿಭಾಗಕ್ಕೆ ಮಾತ್ರ ತನಗೆ ಗೊತ್ತಿದ್ದ ಮದ್ದನ್ನೇ ಎರಡು ಸಲ ಬಳಿದ: ಕುದಿಸಿದ ಬೂತಾಯಿ ಮೀನಿನ ಎಣ್ಣೆ.

"ಪೊರ್ಬುಗಳೇ, ಇದಕ್ಕೆ ಎಂಟು ದಿನ ಬಿಸಿಲು ಬೇಕು. ದೋಣಿಗೂ ಹಾಗೇ."

"ಹೊರಗೆ ಇಟ್ರೆ ಊರವರ ಕಣ್ಣು ಬೀಳ್ತದೆ ಮಾರಾಯ. ಶೆಡ್ಡಿನಲ್ಲೇ ಇರಲಿ," ಎಂದು ಪೊರ್ಬುಗಳು ಬೀಗ ಜಡಿದರು. ದೊಡ್ಡವರಿಗೆ ಬುದ್ಧಿ ಹೇಳಲು ದುಗ್ಗಪ್ಪನ ಮಂಡೆ ಕೆಟ್ಟಿತ್ತೇ?

ಮದುವೆಯ ಬೆಳಿಗ್ಗೆ ನೋಡಿದರೆ ಶೆಡ್ಡಿನ ಬಾಗಿಲಲ್ಲಿ ಹನ್ನೊಂದು ಬೆಕ್ಕು. ಎಣ್ಣೆ ಒಣಗಿರಲಿಲ್ಲ, ಬೇರೆ ವಾಹನ ಹುಡುಕಲು ಹೊತ್ತಿರಲಿಲ್ಲ. ಪೊರ್ಬುಗಳು ಹಲ್ಲು ಕಡಿಯುತ್ತ ದುಗ್ಗಪ್ಪನ ಕೈಗೆ ಕೋಲು ಕೊಟ್ಟು ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿದರು. "ಬೆಕ್ಕು ಓಡಿಸು. ಯಾರು ಕೇಳಿದ್ರೂ ಈ ಕೆಲಸ ನಿನ್ನದಂತ ಹೇಳ್ಬೇಡ. ನನಗೆ ಮರ್ಯಾದೆ ಉಂಟು."

ಅಯ್ಯೋ, ಆ ದಿಬ್ಬಣದ ಚಂದವೇ. ಒಳಗೆ ಮೂಗು ಹಿಡಿದುಕೊಂಡ ಮದುಮಗಳು, ಹಿಂದೆ ಬೆಕ್ಕು, ಬೆಕ್ಕಿನ ಹಿಂದೆ ನಾಯಿ, ಮೇಲೆ ಕಾಗೆ. ಬಿಜೈ ಇಗರ್ಜಿ ತಲುಪುವಾಗ ಕರೆದವರಿಗಿಂತ ಕರೆಯದವರೇ ಹೆಚ್ಚಾಗಿದ್ದರು. ಪಾದ್ರಿಗಳೂ ಕರವಸ್ತ್ರ ಹುಡುಕಿದರು. ದುಗ್ಗಪ್ಪನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ವರನ ತಂದೆ ಇಸಿದೋರ್ ಅವರು ಬಗ್ಗಿ ಕಾರಿನ ಅಡಿ ನೋಡಿದರು. "ಇದು ಯಾರ ಕೆಲಸ?"

ಪೊರ್ಬುಗಳು ಆಕಾಶ ನೋಡಿದರು. ದುಗ್ಗಪ್ಪನಿಗೆ ರೇಗಿತು. ತೇಪೆಯ ಗೆರೆಯೂ ಕಾಣದ ಹಾಗೆ ಮಾಡಿದ ಕೆಲಸಕ್ಕೆ ವಾರಸುದಾರನೇ ಇಲ್ಲವೇ? ಕೋಲು ಬಿಸಾಡಿ ಇಳಿದ.

"ನನ್ನದು. ಕೂಳೂರಿನ ದುಗ್ಗಪ್ಪ. ಅಡಿಭಾಗಕ್ಕೆ ಬೂತಾಯಿ ಎಣ್ಣೆ. ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ."

ಇಸಿದೋರ್ ಸ್ವರ ತಗ್ಗಿಸಿದರು. "ನನ್ನ ಕಾರಿನ ಅಡಿಯನ್ನು ತುಕ್ಕು ತಿಂದಿದೆ. ಮೊನ್ನೆ ಕಾರು ಓಡುವಾಗಲೇ ನನ್ನ ಹೆಂಡತಿಯ ಕಾಲು ರಸ್ತೆಗೆ ತಾಗಿತು."

ಪೊರ್ಬುಗಳು ಚಂಗನೆ ನಡುವೆ ಬಂದರು. "ನಮ್ಮ ದುಗ್ಗಪ್ಪ. ನಾನೇ ಕರೆಸಿದ್ದು."

ದುಗ್ಗಪ್ಪ ಅವರ ಕಡೆ ತಿರುಗಲೇ ಇಲ್ಲ. "ನಾಳೆಯೇ ತನ್ನಿ," ಎಂದು ಇಸಿದೋರರಿಗೆ ಹೇಳಿದ. "ಎಂಟು ದಿನ ಬಿಸಿಲಲ್ಲಿ ಇಡ್ಬೇಕು. ಊರವರ ಕಣ್ಣಿಗೆ ಹೆದರಿ ಒಳಗೆ ಇಟ್ರೆ ಬೆಕ್ಕಿನ ಕಣ್ಣು ಬೀಳ್ತದೆ."